ಆಟ ಇಲ್ಲ ಅಂದ್ರ ಓಟಿಲ್ಲ

ನಮಸ್ಕಾರ್ರೀ ಎಲ್ಲಾರಿಗೂ. ಹೋದ ಎಪಿಸೋಡಿನಾಗ ಮಕ್ಕಳಿಗೆ ಫುಟ್ಬಾಲ್ ಆಡಿಸದ ಅಸೋಸಿಯೇಷನ್ನಿನವರಿಗೆ ಬೈದಿದ್ದೆ. ಅದ್ರ ಕೆಳಗ ಒಬ್ರು ಬರ್ದಾರ: ‘ಅಣ್ಣಾರ, ಟ್ಯಾಲೆಂಟ್ ಇದ್ರ ಕೆಸರಾಗೂ ಕಮಲ ಅರಳ್ತೈತಿ, ಸುಮ್ನ ಅಸೋಸಿಯೇಷನ್ನಿನವರಿಗೆ ಬೈಬ್ಯಾಡ್ರಿ.’ ಇದಕ್ಕ ಲೈಕ್ ಬೇರೆ ಬಿದ್ದಾವ. ಅಲ್ರೀ ಯಪ್ಪಾ, ಕಮಲ ಅರಳಾಕ ಕೆಸರರ ಬೇಕಲ್ಲ? ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬ್ಯಾಸಗಿಯಾಗ ಎರಿಹೊಲ ಕಾಲು ಸಿಗಿಬೀಳೋವಷ್ಟು ಬಿರುಕು ಬಿಟ್ಟಿರ್ತೈತಿ. ಕಮಲ ಅಂತ, ಕಮಲ!

ಇವತ್ತು ನಾ ಹೇಳೋದು ಒಂದ ಮಾತು. ಯಾವ ಜಿಲ್ಲಾ ಫುಟ್ಬಾಲ್ ಸಂಸ್ಥೆ ಮಕ್ಕಳಿಗೆ ವರ್ಷಾ ಲೀಗ್ ನಡೆಸಂಗಿಲ್ಲೋ, ಅದಕ್ಕ ರಾಜ್ಯ ಸಂಸ್ಥೆಯೊಳಗ ಓಟು ಇರಬಾರ್ದು. ಯಾವ ರಾಜ್ಯ ಸಂಸ್ಥೆ ತನ್ನ ಜಿಲ್ಲಾಗಳ ಪಂದ್ಯದ ಲೆಕ್ಕ ಕೊಡಂಗಿಲ್ಲೋ, ಅದಕ್ಕ ದಿಲ್ಲಿಯ ರಾಷ್ಟ್ರೀಯ ಫೆಡರೇಷನ್ನಿನೊಳಗ ಓಟು ಇರಬಾರ್ದು. ಆಟ ಇಲ್ಲ ಅಂದ್ರ ಓಟಿಲ್ಲ. ಬರ್ಕೊಳ್ರಿ.

ಲೀಗ್ ಯಾಕ, ಟೂರ್ನಮೆಂಟ್ ಸಾಲಂಗಿಲ್ಲೇನು ಅಂತೀರಿ. ಲೆಕ್ಕ ಮಾಡೋಣ ಬರ್ರಿ. 16 ತಂಡದ ನಾಕೌಟ್ ಅಂದ್ರ ಒಟ್ಟು 15 ಪಂದ್ಯ. 8 ತಂಡ ಒಂದ ಪಂದ್ಯ ಆಡಿ, ಬಾಳೆಹಣ್ಣು ತಿಂದು ಮನಿಗೆ ಹೋಗ್ತಾವ. ಆ ಹುಡುಗ್ರ ವರ್ಷದ ಫುಟ್ಬಾಲ್ ಅಲ್ಲಿಗೆ ಖಲಾಸ್. ಅದ 8 ತಂಡ ಇಟ್ಕೊಂಡು ಎಲ್ಲಾರೂ ಎಲ್ಲಾರ ಜೋಡಿ ಎರಡೆರಡು ಸಲ ಆಡೋ ಲೀಗ್ ಮಾಡ್ರಿ: 56 ಪಂದ್ಯ, ಒಂದೊಂದು ತಂಡಕ್ಕ 14. ಭಾನುವಾರಕ್ಕ 4 ಪಂದ್ಯ ಹಾಕಿದ್ರ 14 ಭಾನುವಾರ. ಅಕ್ಟೋಬರದಾಗ ಚಾಲೂ ಮಾಡಿದ್ರ ಫೆಬ್ರವರಿಯೊಳಗ ಮುಗೀತೈತಿ, ಪರೀಕ್ಷಾಕ್ಕೂ ಅಡ್ಡಿಲ್ಲ, ಬಿಸಿಲಿಗೂ ಅಡ್ಡಿಲ್ಲ. ಸೋತ ಹುಡುಗ ಮುಂದಿನ ವಾರ ಮತ್ತ ಬರ್ತಾನ. ಕಲಿಯೂದು ಹಂಗ್ರೀ, ಸೋತು ಮತ್ತ ಬಂದು.

ಸಾಲಿ ಕ್ರೀಡಾಕೂಟ ಐತಲ್ಲ ಅಂತಾರ. ಐತಿ. ತಾಲೂಕು, ಜಿಲ್ಲಾ, ವಿಭಾಗ, ರಾಜ್ಯ, ಎಲ್ಲಾ ನಾಕೌಟ್. ಮ್ಯಾಲ ಹೇಳಿದ್ದ ಲೆಕ್ಕ ಇನ್ನೊಮ್ಮೆ ಓದ್ಕೊಳ್ರಿ.

ಇನ್ನ ಸೆಲೆಕ್ಷನ್ ಟ್ರಯಲ್. ಇದು ನನಗ ಪಿತ್ತ ನೆತ್ತಿಗೇರಿಸೋ ವಿಷಯ. ವಾಟ್ಸ್ಆ್ಯಪಿನಾಗ ಒಂದು ಫೋಟೋ ಬರ್ತೈತಿ: ನಾಳಿ ಮುಂಜಾನೆ 7ಕ್ಕ ಬೆಂಗಳೂರಾಗ ಹಾಜರಿರಬೇಕು, ಆಧಾರ್, ಜನ್ಮ ಪ್ರಮಾಣಪತ್ರ, ಎರಡು ಫೋಟೋ. ಕೊಪ್ಪಳದ ಹುಡುಗ ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯೊಳಗ ರಾತ್ರಿಯೆಲ್ಲಾ ಬಾಗಲ ಹತ್ರ ಕುಂತು ಹೋಗ್ತಾನ. ಅಲ್ಲಿ ನೂರಾರು ಹುಡುಗ್ರು. 22-22 ಮಾಡಿ ದೊಡ್ಡ ಮೈದಾನದಾಗ ಬಿಡ್ತಾರ, ಕಾಲು ತಾಸು ಆಟ. ಬಾಲ್ ಕಾಲಿಗೆ ಎಷ್ಟು ಸಲ ಸಿಗ್ತೈತಿ? ಕಣ್ಣಿಗೆ ಬೀಳಾವ್ರು ಯಾರು? ಎತ್ತರ ಇದ್ದಾವ್ರು, ಜೋರು ಓಡಾವ್ರು. ವಯಸ್ಸಿನ ಕಟಾಫ್ ಜನವರಿ 1 ಇದ್ರ, ಜನವರಿಯಾಗ ಹುಟ್ಟಿದಾವ ಡಿಸೆಂಬರದಾಗ ಹುಟ್ಟಿದಾವನಕಿಂತ ಹೆಚ್ಚುಕಡಿಮಿ ಒಂದು ವರ್ಷ ದೊಡ್ಡಾವ. 12ನೇ ವಯಸ್ಸಿಗೆ ಒಂದು ವರ್ಷ ಅಂದ್ರ ಭಾಳ ದೊಡ್ಡ ಅಂತರ. ಜಗತ್ತಿನ ಭಾಳ ಕಡೆ ಯೂತ್ ತಂಡದೊಳಗ ಕಟಾಫ್ ಆದ ಮೊದಲ ತಿಂಗಳುಗಳಾಗ ಹುಟ್ಟಿದ ಮಕ್ಕಳ ಹೆಚ್ಚು. ಕಾಲು ತಾಸಿನ ಟ್ರಯಲ್ ಈ ರೋಗ ಹೆಚ್ಚು ಮಾಡ್ತೈತಿ, 14 ಪಂದ್ಯ ನೋಡಿದ ಕೋಚ್‌ಗೆ ಸಣ್ಣ ಹುಡುಗನ ಮೊದಲ ಟಚ್ ಕಾಣ್ತೈತಿ.

ಅದ್ರಾಗ ನಮ್ಮ ಕಡೆ ಇನ್ನೊಂದು ಮಜಾ ಐತಿ. ಒಂದು ಕ್ಲಾಸಿನ ಹಾಜರಿ ತಗದು ನೋಡ್ರಿ, ಅರ್ಧ ಮಂದಿ ಜೂನ್ 1ಕ್ಕ ಹುಟ್ಯಾರ! ಮಾಸ್ತರ ಒಂದನೇತ್ತೆಗೆ ಹೆಸರು ಹಚ್ಚುವಾಗ ಕೊಟ್ಟ ಹುಟ್ಟಿದ ದಿನ. ಈ ಹುಡುಗ ರಾಷ್ಟ್ರೀಯ ಯೂತ್ ಲೀಗಿಗೆ ಹೋದ್ರ ಟಿಡಬ್ಲ್ಯು3 ಅಂತ ಪರೀಕ್ಷೆ, ಎಡಗೈ ಮತ್ತು ಮಣಿಕಟ್ಟಿನ ಎಕ್ಸರೇ ತಗದು ಎಲುಬಿನ ವಯಸ್ಸು ನೋಡ್ತಾರ. ಮೋಸ ಹಿಡಿಯಾಕ ಅದು ಬೇಕ ಬೇಕು, ನಾ ವಿರೋಧ ಇಲ್ಲ. ಆದ್ರ ಒಂದ ದಿನ ಹುಟ್ಟಿದ ಇಬ್ಬರು ಹುಡುಗ್ರ ಎಲುಬಿನ ವಯಸ್ಸಿನಾಗ ಒಂದು ವರ್ಷಕ್ಕಿಂತ ಹೆಚ್ಚು ಫರಕ್ ಇರಬೌದು. ಖರೇ ವಯಸ್ಸು ಹೇಳಿದಾವನೂ ಫೇಲ್ ಆಗ್ತಾನ. ಎಕ್ಸರೇ ಸೀಸನ್ ಚಾಲೂ ಆಗೋ ಮೊದಲು ಜಿಲ್ಲಾ ಆಸ್ಪತ್ರೆಯೊಳಗ ಮುಗಿಸಿದ್ರ ಹುಡುಗ ಮ್ಯಾಲಿನ ವಯಸ್ಸಿನ ಲೀಗಿನಾಗರ ಆಡ್ತಾನ. ತಂಡ ಊರು ಬಿಟ್ಟು ಹೋದ ಮ್ಯಾಲ ಹೇಳಿದ್ರ ಅವ ಬ್ಯಾಗ್ ಹೊತ್ಕೊಂಡು ತಿರುಗಿ ಬರಬೇಕು. ಇದನ್ನ ಮೊದಲ ಮಾಡಾವ್ರು ಯಾರು? ಜಿಲ್ಲಾ ಸಂಸ್ಥೆ. ಮಾಡಂಗಿಲ್ಲ ಅಂದ್ರ? ಓಟಿಲ್ಲ!

(ಇಲ್ಲೇ ಒಂದು ನಿಮಿಷ. ಸಬ್‌ಸ್ಕ್ರೈಬ್ ಮಾಡ್ರಿ, ಗಂಟಿ ಒತ್ರಿ. ನೋಡೋ ಮಂದಿ ಒಂದು ಕಡೆ, ಒತ್ತೋ ಮಂದಿ ಒಂದು ಕಡೆ. ನೀವೂ ಅಸೋಸಿಯೇಷನ್ ಆಗಬ್ಯಾಡ್ರಿ.)

‘ರೊಕ್ಕ ಇಲ್ರೀ’ ಅಂತಾರ. ಎಷ್ಟು ರೊಕ್ಕ ಬೇಕಪಾ? 13 ವರ್ಷದೊಳಗಿನವ್ರಿಗೆ 9 ಮಂದಿ ತಂಡ ಸಾಕು. 100 ಮೀಟರ್ ಉದ್ದ, 64 ಮೀಟರ್ ಅಗಲದ ಮೈದಾನ ಅಡ್ಡ ಕೊಯ್ರಿ: 64 ಮೀಟರ್ ಉದ್ದ, 46 ಮೀಟರ್ ಅಗಲದ ಎರಡು ಅಂಕಣ, ನಡುವ 8 ಮೀಟರ್ ಜಾಗ. ದೊಡ್ಡವ್ರ ಗೋಲು 7.32 ಮೀಟರ್ ಅಗಲ, 2.44 ಎತ್ತರ. ಅದ್ರೊಳಗ 12 ವರ್ಷದ ಹುಡುಗನ್ನ ನಿಲ್ಲಿಸಿದ್ರ ತಲಿ ಮ್ಯಾಲ ಒದ್ದಿದ್ದೆಲ್ಲಾ ಗೋಲ್, ಎಲ್ಲಾರೂ ದೂರದಿಂದ ಒದಿಯೂದ ಕಲೀತಾರ. 9 ಮಂದಿ ಆಟಕ್ಕ 4.88 ಅಗಲ, 2.13 ಎತ್ತರ. ವೆಲ್ಡಿಂಗ್ ಅಂಗಡಿಗೆ ಹೋಗ್ರಿ, ಪೈಪ್ 6 ಮೀಟರಿನದ್ದು ಬರ್ತೈತಿ: ಒಂದರಾಗ ಮ್ಯಾಲಿನ ಅಡ್ಡಪಟ್ಟಿ, ಇನ್ನೊಂದರಾಗ ಎರಡೂ ಕಂಬ. ಹಿಂದಿನ ಚೌಕಟ್ಟಿಗೆ ಬೇರೆ. ಹಿಂದಿನ ಪಟ್ಟಿ ಮ್ಯಾಲ ಉಸುಕಿನ ಚೀಲ ಹೇರೂದು ಮಾತ್ರ ಮರೀಬ್ಯಾಡ್ರಿ. ಬಿಗಿಯದ ಗೋಲ್ಪೋಸ್ಟಿಗೆ ಹುಡುಗ್ರು ಜೋತುಬಿದ್ರ ಅದು ಮಗುಚ್ತೈತಿ, ಜೀವ ಹೋಗ್ತೈತಿ. ಬಾಲ್ 4ನೇ ಸೈಜು. ಮೊರಂ ನೆಲಕ್ಕ ಹೊಳಪಿನ ತುಟ್ಟಿ ಬಾಲ್ ಬ್ಯಾಡ, ತಿಂಗಳೊಳಗ ಸಿಪ್ಪಿ ಸುಲೀತೈತಿ. ರಬ್ಬರಿಂದು ತಗೋರಿ. ಆಟಕ್ಕ ಮೊದಲು ಸುತ್ತಲಿನ ಬಳ್ಳಾರಿ ಜಾಲಿ ಮುಳ್ಳು ಆರಿಸ್ರಿ. 30-30 ನಿಮಿಷದ ಎರಡು ಅರ್ಧ, ಎರಡೂ ಅಂಕಣದಾಗ ಒಮ್ಮೆಲೇ ಮುಂಜಾನೆ ಆರೂವರಿಗೆ ಚಾಲೂ ಮಾಡಿದ್ರ ಒಂಬತ್ತು-ಒಂಬತ್ತೂಕಾಲಿಗೆ ನಾಲ್ಕೂ ಪಂದ್ಯ ಮುಗದು ಮಂಡಕ್ಕಿ ಮಿರ್ಚಿಗೆ ಹೋಗಬೌದು. ಒಂದು ಸನ್ಮಾನ ಸಮಾರಂಭದ ಶಾಲು, ಹಾರ, ಪೆಂಡಾಲಿನ ರೊಕ್ಕದಾಗ ಗೋಲುಗಳರ ಆಗ್ತಾವ್ರೀ!

ಮುಂದಿನ ವಾದ: ‘ಓಟು ಕಿತ್ಕೊಂಡ್ರ ಫಿಫಾ ಬ್ಯಾನ್ ಮಾಡ್ತೈತಿ.’ ಇದನ್ನ ಹೇಳುವಾಗ ದನಿ ಇಳಿಸ್ತಾರ ನೋಡ್ರಿ, ದೆವ್ವದ ಹೆಸರು ಹೇಳ್ದಂಗ. 2022ರ ಆಗಸ್ಟಿನಾಗ ಫಿಫಾ ನಮ್ಮನ್ನ ಅಮಾನತು ಮಾಡಿದ್ದು ಹೊರಗಿನವ್ರ ಹಸ್ತಕ್ಷೇಪ ಅಂತ. ಸಂಸ್ಥೆ ತನ್ನ ಬೈಲಾದಾಗ ತಾನ ಸದಸ್ಯರಿಗೆ ಷರತ್ತು ಹಾಕೂದು ಹಸ್ತಕ್ಷೇಪ ಅಲ್ಲ. ಮತ್ತ ಕೇಳ್ರಿ, ಫಿಫಾದ್ದ ಸ್ವಂತ ನಿಯಮಾವಳಿ ಏನ್ ಹೇಳ್ತೈತಿ? ನಾಲ್ಕು ವರ್ಷದಾಗ ಫಿಫಾದ ಎರಡು ಸ್ಪರ್ಧೆಯೊಳಗರ ಭಾಗವಹಿಸದ ದೇಶಕ್ಕ ಫಿಫಾ ಕಾಂಗ್ರೆಸ್ಸಿನಾಗ, ಅಂದ್ರ ಅದ್ರ ಮಹಾಸಭೆಯೊಳಗ, ಮತದಾನದ ಹಕ್ಕು ಅಮಾನತು! ಝ್ಯೂರಿಕ್‌ನ ಫಿಫಾ ಕಚೇರಿಯಾಗ ಕುಂತವ್ರು ಅದನ್ನ ಹೇಳ್ಯಾರ್ರೀ. ಆಟ ಇಲ್ಲ ಅಂದ್ರ ಓಟಿಲ್ಲ. ನಾ ಬರೇ ಕೊಪ್ಪಳದ ಭಾಷಾಕ್ಕ ತಂದೀನಿ.

2022ರ ಸೆಪ್ಟೆಂಬರ್ 2ಕ್ಕ ರಾಷ್ಟ್ರೀಯ ಫುಟ್ಬಾಲ್ ಫೆಡರೇಷನ್ ಎಐಎಫ್ಎಫ್ ಅಧ್ಯಕ್ಷರ ಚುನಾವಣೆ ಆತು, ಕಲ್ಯಾಣ್ ಚೌಬೆಗೆ 33 ಓಟು, ಭಾರತ ತಂಡದ ಮಾಜಿ ನಾಯಕ ಬೈಚುಂಗ್ ಭುಟಿಯಾಗೆ 1. ಯಾರು ಗೆದ್ರು ಅಂತ ವಾರಗಟ್ಟಲೆ ಚರ್ಚೆ. ಓಟು ಹಾಕಿದವ್ರ ರಾಜ್ಯದಾಗ ಆ ವರ್ಷ 13ರೊಳಗಿನವ್ರು ಎಷ್ಟು ಪಂದ್ಯ ಆಡಿದ್ರು ಅಂತ ಕೇಳಿದ್ದು ಯಾರು? 2025ರಾಗ ಕ್ರೀಡಾ ಆಡಳಿತ ಕಾಯ್ದೆ ಬಂತು, ಫೆಡರೇಷನ್ನಿಗೆ ಹೊಸ ಸಂವಿಧಾನ ಬಂತು. ಚಲೋ ಆತು. ದಿಲ್ಲಿಯ ಕುರ್ಚಿ ಸರಿ ಮಾಡಿದ್ರಿ, ಗಂಗಾವತಿ ಮೈದಾನಕ್ಕ ಏನ್ ಬಂತು?

ರೊಕ್ಕದ ಇನ್ನೊಂದು ಸುದ್ದಿ, ಇದು ಕ್ಲಬ್ ನಡೆಸಾವ್ರು ಕಿವಿಗೊಟ್ಟು ಕೇಳ್ರಿ. ಒಂದು ಕ್ಲಬ್ಬು ರೊಕ್ಕ ತಗೊಂಡು ಆಟಗಾರನ್ನ ವಿದೇಶಿ ಕ್ಲಬ್ಬಿಗೆ ಬಿಟ್ಟುಕೊಟ್ರ ಆ ಮೊತ್ತದ 5 ಪರ್ಸೆಂಟ್ ಅವನ್ನ 12ರಿಂದ 23ರ ತನಕ ಬೆಳೆಸಿದ ಕ್ಲಬ್ಬುಗಳಿಗೆ ಹಂಚ್ತಾರ. ಒಂದು ಕೋಟಿ ಅಂದ್ರ 5 ಲಕ್ಷ. 12ರಿಂದ 15ರ ತನಕ ಸೀಸನ್ನಿಗೆ 25 ಸಾವಿರ, ನಾಲ್ಕು ಸೀಸನ್ ನಿಮ್ಮಲ್ಲಿ ಇದ್ರ ಒಂದು ಲಕ್ಷ. ಆದ್ರ ಹುಡುಗ ನಿಮ್ಮ ಕ್ಲಬ್ಬಿನ ಹೆಸರಲ್ಲೆ ಫೆಡರೇಷನ್ನಿನ ಸಿಆರ್‌ಎಸ್ ಅನ್ನೋ ಆನ್‌ಲೈನ್ ನೋಂದಣಿ ವ್ಯವಸ್ಥೆಯೊಳಗ ದಾಖಲಾಗಿರಬೇಕು. ಲೀಗ್ ಇಲ್ಲ, ಅದಕ್ಕ ನೋಂದಣಿ ಇಲ್ಲ, ಅದಕ್ಕ ದಾಖಲೆ ಇಲ್ಲ, ಅದಕ್ಕ ಒಂದು ಲಕ್ಷದ ಜಾಗದಾಗ ಸೊನ್ನಿ.

‘ತೋರಣಗಲ್ಲಿನ ಹತ್ರ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆ ಐತಲ್ಲ, ಬೆಂಗಳೂರು ಎಫ್‌ಸಿ ಅಲ್ಲೇ ಬಂದು ಪ್ರಾಕ್ಟೀಸ್ ಮಾಡ್ತಾರಲ್ಲ.’ ಮಾಡ್ಲಿ, ಛಂದ ಐತಿ. ಸಿಂಧನೂರಿನ ಹುಡುಗ ಅದನ್ನ ಯೂಟ್ಯೂಬಿನಾಗ ನೋಡ್ತಾನ.

‘ನಮ್ಮ ಕಡೆ ಮಂದಿ ಕಡಿಮಿ.’ ಆಹಾ! ಐಸ್‌ಲ್ಯಾಂಡ್ 2016ರ ಯೂರೋ ಕಪ್ಪಿನಾಗ ಇಂಗ್ಲೆಂಡನ್ನ ಮನಿಗೆ ಕಳಿಸ್ತು. ಅವಾಗ ಆ ಇಡೀ ದೇಶದ ಮಂದಿ ಬಳ್ಳಾರಿ ಊರೊಂದರ ಮಂದಿಗಿಂತ ಕಡಿಮಿ! ಇನ್ನೇನ್ ಹೇಳ್ಲಿ? ಅವ್ರಿಗೆ ಹಿಮ, ನಮಗ ಬಿಸಿಲು. ಅವ್ರು ಒಳಾಂಗಣ ಕಟ್ಟಿದ್ರು, ನಾವು ಸಮಿತಿ ಕಟ್ಟಿದ್ವಿ.

‘ಕಬಡ್ಡಿ ಆಡ್ಲಿ ಬಿಡ್ರಿ.’ ಆಡ್ಲಿ! ಕಬಡ್ಡಿಗೂ ಅದ ನಿಯಮ ಹಾಕ್ರಿ! ಖೋಖೋಕ್ಕೂ ಹಾಕ್ರಿ! ಕೇರಂ ಬೋರ್ಡಿಗೂ ಹಾಕ್ರಿ! ಆಟ ಇಲ್ಲ ಅಂದ್ರ ಓಟಿಲ್ಲ, ಓಟಿಲ್ಲ, ಓಟಿಲ್ಲ. ಯಾಕಂದ್ರ ಯಾಕ? ಯಾಕಂದ್ರ ಓಟಿಲ್ಲ!

ನೀರು ಕೊಡಪಾ ಇಲ್ಲೆ.

ಹ್ಞಾಂ, ಈ ಮಾತು ಬರೆದ ಟೀಶರ್ಟ್ ಮಾಡ್ಸೀವಿ, ಲಿಂಕ್ ಕೆಳಗೈತಿ. ಎಕ್ಸೆಲ್ ಖಾಲಿ ಆಗ್ಯಾವ, ಪದಾಧಿಕಾರಿಗಳ ಸೈಜು ಅದ ನೋಡ್ರಿ. ನಿಮ್ಮ ಜಿಲ್ಲಾದಾಗ ಹೋದ ವರ್ಷ 13ರೊಳಗಿನವ್ರಿಗೆ ಎಷ್ಟು ಲೀಗ್ ಪಂದ್ಯ ಆದ್ವು, ಆ ನಂಬರ್ ಒಂದ ಕಾಮೆಂಟಿನಾಗ ಹಾಕ್ರಿ. ಜಿಲ್ಲಾದ ಹೆಸರು ಹಾಕ್ರಿ, ಮಂದಿ ಹೆಸರು ಹಾಕಿ ಬೈಬ್ಯಾಡ್ರಿ, ಚಾನಲ್ಲಿಗೆ ಸ್ಟ್ರೈಕ್ ಬರ್ತೈತಿ. ಮುಂದಿನ ವಾರ ರೆಫರಿಗಳ ಭತ್ಯೆ ಬಗ್ಗೆ, ಅದು ಇನ್ನೂ ಖಾರ ಐತಿ.