ಮಾರಿಯೋ ಯಾಕೆ ಹಳ್ಳಕ್ಕೆ ಬೀಳ್ತಾನೆ? ಅಗ್ಗದ ಗೇಮ್ ಸ್ಟಿಕ್ ಒಳಗೆ ಏನಾಗ್ತಿದೆ ನೋಡಿ

[ಕ್ಲೋಸಪ್: ಬಟನ್ ಮೇಲೆ ಹೆಬ್ಬೆರಳು. ಹಿಂದೆ ಟಿವಿಯಲ್ಲಿ ಮಾರಿಯೋ ಓಡ್ತಿದ್ದಾನೆ.]

ಸೂಪರ್ ಮಾರಿಯೋ ಆಟದ ವರ್ಲ್ಡ್ 1-1, ಅಂದ್ರೆ ಮೊದಲನೇ ಲೆವೆಲ್, ಅದರ ಮೊದಲನೇ ಹಳ್ಳ. ಎರಡು ಇಟ್ಟಿಗೆ ಅಗಲ, ಅಷ್ಟೇ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆಯನ್ನ ಟಿವಿ ಗೇಮ್ ಮುಂದೆ ಕಳೆದವರನ್ನ ಕೇಳಿ, ಈ ಹಳ್ಳ ಎಲ್ಲಿ ಬರುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತಾರೆ. ನಾನೂ ಹೇಳ್ತೀನಿ. ಆದರೂ ಹೋದ ತಿಂಗಳು ಹೊಸದಾಗಿ ತಂದ ಗೇಮ್ ಸ್ಟಿಕ್‌ನಲ್ಲಿ (ಟಿವಿಗೆ ಚುಚ್ಚಿ ಹಳೇ ಆಟ ಆಡೋ ಪುಟ್ಟ ಸಾಧನ) ಮಾರಿಯೋ ನಾಲ್ಕು ಸಲ ಇದೇ ಹಳ್ಳಕ್ಕೆ ಬಿದ್ದ. ಪಕ್ಕದಲ್ಲಿದ್ದ ಮಗಳು ಕೇಳಿದಳು: "ಅಪ್ಪಾ, ಇದು ನಿಂಗೆ ಆಡೋಕೆ ಬರುತ್ತೆ ಅಂದಿದ್ದೆ ಅಲ್ವಾ?"

ಅವಳಿಗೆ ತೋರಿಸಬೇಕು ಅಂತಲೇ ತಂದಿದ್ದೆ. ಆ ಸಂಜೆ ನಿಜವಾಗಿಯೂ ಬೇಜಾರಾಯ್ತು.

ಇಂಥ ಸ್ಟಿಕ್ ಕೊಂಡವರಲ್ಲಿ ಬಹಳ ಜನ ಒಂದು ವಾರ ಆಡಿ, "ನಮಗೇ ವಯಸ್ಸಾಯ್ತು, ಕೈ ಓಡಲ್ಲ" ಅಂತ ಅದನ್ನ ಡ್ರಾಯರ್ ಒಳಗೆ ಹಾಕಿಬಿಡ್ತಾರೆ. ದಯವಿಟ್ಟು ಹಾಗೆ ಅಂದ್ಕೋಬೇಡಿ. ನಿಮ್ಮ ಕೈಗೂ ಟಿವಿಗೂ ನಡುವೆ ಕೂತಿರೋ ಯಂತ್ರ ತಡ ಮಾಡ್ತಿದೆ. ಅದನ್ನ ಅಳೆದೇ ತೋರಿಸ್ತೀನಿ.

[ದೃಶ್ಯ: ಫೋನ್ ಸ್ಟ್ಯಾಂಡ್ ಮೇಲೆ. ಒಂದೇ ಚೌಕಟ್ಟಿನಲ್ಲಿ ಬೆರಳು ಮತ್ತು ಟಿವಿ.]

ಫೋನ್ ಕ್ಯಾಮೆರಾವನ್ನ ಸ್ಲೋ ಮೋಷನ್‌ಗೆ ಹಾಕಿ, ಸೆಕೆಂಡಿಗೆ 240 ಫ್ರೇಮ್. ಅಂದ್ರೆ ಒಂದು ಫ್ರೇಮ್‌ಗೆ ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಬೆರಳು ಬಟನ್ ಒತ್ತಿದ ಫ್ರೇಮ್‌ನಿಂದ ಶುರುಮಾಡಿ, ಮಾರಿಯೋ ಕಾಲು ನೆಲ ಬಿಡೋವರೆಗೆ ಒಂದೊಂದಾಗಿ ಎಣಿಸಿ. ನಮ್ಮ ಮನೆ ಟಿವಿಯಲ್ಲಿ 30 ಬಂತು. 125 ಮಿಲಿಸೆಕೆಂಡ್.

ಸೆಕೆಂಡಿನ ಎಂಟನೇ ಒಂದು ಭಾಗ ತಾನೇ, ಅದರಲ್ಲೇನಿದೆ ಅನ್ನಿಸಬಹುದು. ಲೆಕ್ಕ ನೋಡಿ. ಈ ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತೆ. ಪೂರ್ತಿ ವೇಗದಲ್ಲಿ ಓಡ್ತಿರೋ ಮಾರಿಯೋ ಪ್ರತಿ ಚಿತ್ರಕ್ಕೆ ಎರಡೂವರೆ ಪಿಕ್ಸೆಲ್, ಅಂದ್ರೆ ಚಿತ್ರದ ಚುಕ್ಕೆ, ಮುಂದೆ ಹೋಗ್ತಾನೆ. 125 ಮಿಲಿಸೆಕೆಂಡ್ ಅಂದ್ರೆ ಏಳೂವರೆ ಚಿತ್ರ, ಸುಮಾರು 19 ಪಿಕ್ಸೆಲ್. ಒಂದು ಇಟ್ಟಿಗೆಯ ಅಗಲ 16. ನೀವು ಅಂಚಿನಲ್ಲಿ ಸರಿಯಾಗಿಯೇ ಬಟನ್ ಒತ್ತಿದ್ದೀರಿ, ಆದರೆ ಆ ಸುದ್ದಿ ಮುಟ್ಟೋ ಹೊತ್ತಿಗೆ ಅವನು ಒಂದು ಇಟ್ಟಿಗೆ ದಾಟಿ ಹೋಗಿರ್ತಾನೆ. ಅಲ್ಲಿ ನೆಲ ಇಲ್ಲ.

[ದೃಶ್ಯ: ಹಳೇ ಡಬ್ಬಾ ಟಿವಿ. ಹಳದಿ ಕ್ಯಾಸೆಟ್ ಹಾಕಿದ ಹಳೇ ಟಿವಿ ಗೇಮ್.]

ತುಮಕೂರಿನಲ್ಲಿ ನಮ್ಮ ಅತ್ತೆ ಮನೆ ಅಟ್ಟದ ಮೇಲೆ ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಇತ್ತು. ಹಳೇ ಗೇಮ್ ಕೂಡ. ಅದರಲ್ಲೂ ಹೀಗೇ ಎಣಿಸಿದೆ: 6 ಫ್ರೇಮ್, ಬರೀ 25 ಮಿಲಿಸೆಕೆಂಡ್. ಆ ಟಿವಿಯಲ್ಲಿ ಸಿಗ್ನಲ್ ಬಂದ ಹಾಗೇ ಗೆರೆ ಗೆರೆಯಾಗಿ ಪರದೆ ಮೇಲೆ ಬೀಳುತ್ತೆ, ನಡುವೆ ಯಾರೂ ಅದನ್ನ ಹಿಡಿದು ನಿಲ್ಲಿಸಲ್ಲ. ಸ್ಟಿಕ್‌ನಲ್ಲಿ ಹಾಗಲ್ಲ. ವೈರ್‌ಲೆಸ್ ರಿಮೋಟ್ ಸ್ವಲ್ಪ ಸಮಯ ತಿನ್ನುತ್ತೆ. ಹಳೇ ಯಂತ್ರದ ವೇಷ ಹಾಕಿರೋ ಎಮ್ಯುಲೇಟರ್ ಅನ್ನೋ ಪ್ರೋಗ್ರಾಂ ಸ್ವಲ್ಪ ತಿನ್ನುತ್ತೆ. ಆಮೇಲೆ ನಿಮ್ಮ ಎಲ್‌ಇಡಿ ಟಿವಿ ಪ್ರತಿ ಚಿತ್ರವನ್ನೂ ಹಿಡಿದಿಟ್ಟುಕೊಂಡು, ನುಣುಪು ಮಾಡಿ, ಬಣ್ಣ ಏರಿಸಿ ತೋರಿಸುತ್ತೆ. ಸಿನಿಮಾ ನೋಡೋಕೆ ಅದು ಚೆಂದ, ಆಟಕ್ಕೆ ಹೊರೆ.

ಇನ್ನೊಂದು ವಿಷಯ, ನನಗೂ ತಡವಾಗಿ ಹೊಳೆದದ್ದು. ನಮ್ಮಲ್ಲಿ ಆಗ ಇದ್ದದ್ದು ಪಾಲ್ ಅನ್ನೋ ಪದ್ಧತಿಯ ಟಿವಿ, ಸೆಕೆಂಡಿಗೆ 50 ಚಿತ್ರ. ನಮ್ಮ ಹಳೇ ಗೇಮ್‌ಗಳೂ ಆ ಲಯಕ್ಕೇ ಓಡ್ತಿದ್ದವು. ಜಪಾನಿನ 60ಕ್ಕೆ ಹೋಲಿಸಿದರೆ ಆರನೇ ಒಂದು ಭಾಗ ನಿಧಾನ. ನಮ್ಮ ಬೆರಳು ಕಲಿತದ್ದು ಆ ನಿಧಾನ ಮಾರಿಯೋನನ್ನ. ಈಗಿನ ಸ್ಟಿಕ್ 60ರಲ್ಲಿ ಓಡಿಸುತ್ತೆ, ಹಾಗಾಗಿ ಸಂಗೀತವೂ ಅವಸರ ಅನ್ನಿಸುತ್ತೆ. ಇದು ಸ್ಟಿಕ್‌ನ ದೋಷ ಅಲ್ಲ, 1985ರಲ್ಲಿ ಜಪಾನಿನ ಮಕ್ಕಳು ಆಡಿದ್ದೂ ಇದೇ ವೇಗದಲ್ಲಿ. ವೇಗ ಹೆಚ್ಚಾಯ್ತು, ಜೊತೆಗೆ ತಡವೂ ಹೆಚ್ಚಾಯ್ತು. ಎರಡೂ ಸೇರಿದಾಗ ಕೈ ತಬ್ಬಿಬ್ಬಾಗದೆ ಇನ್ನೇನಾಗುತ್ತೆ?

[ಪರದೆ: ಡಬ್ಬದ ಮೇಲೆ "10,000 ಗೇಮ್, 4ಕೆ"]

ಡಬ್ಬದ ಮೇಲಿನ ಈ ಅಂಕಿಗಳಿಗೆ ಮರುಳಾಗಬೇಡಿ. ಮಾರಿಯೋ ಆಟ ಪೂರ್ತಿ 40 ಕೆಬಿ. ವಾಟ್ಸಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ದೊಡ್ಡದು. ಇಂಥ ಹತ್ತು ಸಾವಿರ ತುಂಬಿದರೂ 400 ಎಂಬಿ ಆಗುತ್ತೆ, ತುಂಬೋಕೆ ಖರ್ಚೇ ಇಲ್ಲ. ಅದರಲ್ಲಿ ಎಷ್ಟೋ ಆಟಗಳು ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರ್ತವೆ. ಹಳೇ 9999 ಇನ್ 1 ಕ್ಯಾಸೆಟ್‌ನಲ್ಲೂ ಇದೇ ಇತ್ತು, ನೆನಪಿದೆಯಾ? ಮೆನುವಿನಲ್ಲಿ ಬೇರೆ ಹೆಸರು, ಒತ್ತಿದರೆ ಅದೇ ಆಟ ಮೂರನೇ ಲೆವೆಲ್‌ನಿಂದ ಶುರು.

4ಕೆ ಮಾತು ಇನ್ನೂ ಸುಲಭ. ಮೂಲ ಚಿತ್ರ ಇರೋದೇ 256 ಪಿಕ್ಸೆಲ್ ಅಡ್ಡ, 240 ಉದ್ದ. ಅದನ್ನ ಎಷ್ಟು ಹಿಗ್ಗಿಸಿದರೂ ಹೊಸ ವಿವರ ಹುಟ್ಟಲ್ಲ. ಅಗಲ ಪರದೆ ತುಂಬಲಿ ಅಂತ ಎಳೆದಿದ್ದಾರೆ, ಮಾರಿಯೋ ಮೂರನೇ ಒಂದು ಭಾಗ ದಪ್ಪ ಆಗಿದ್ದಾನೆ.

ಕೆಂಪು-ಬಿಳಿ-ಹಳದಿ ವೈರ್ ಇರೋ ಇನ್ನೂ ಅಗ್ಗದವು ಬೇರೆ ಜಾತಿ. ಬಿಚ್ಚಿ ನೋಡಿದರೆ ಕಪ್ಪು ಅಂಟಿನ ಒಂದು ಉಂಡೆ, ಅದರ ಕೆಳಗೆ ಇಡೀ ಹಳೇ ಯಂತ್ರದ ನಕಲು ಒಂದೇ ಚಿಪ್‌ನಲ್ಲಿ. ಇಂಥ ಎಷ್ಟೋ ನಕಲು ಚಿಪ್‌ಗಳಲ್ಲಿ ಸ್ವರದ ಎರಡು ಬಗೆಗಳು ಅದಲು ಬದಲಾಗಿವೆ. ರಾಗ ಅದೇ, ದನಿ ಬೇರೆ. ಶೀತ ಆದವರು ಹಾಡಿದ ಹಾಗೆ.

ಎಮ್ಯುಲೇಟರ್ ಬಳಸೋದೇ ತಪ್ಪಾ? ಖಂಡಿತ ಅಲ್ಲ. ಮಾರಿಯೋ ಆಟ ಮಾಡಿದ ನಿಂಟೆಂಡೊ ಕಂಪನಿ 2016ರಲ್ಲಿ ತಾನೇ ತಂದ ಎನ್‌ಇಎಸ್ ಕ್ಲಾಸಿಕ್ ಅನ್ನೋ ಪುಟ್ಟ ಗೇಮ್ ಯಂತ್ರದ ಒಳಗಿರೋದೂ ಎಮ್ಯುಲೇಟರೇ. ಅದರಲ್ಲಿ ಬರೀ 30 ಆಟ. ಆದರೆ ಪ್ರತಿಯೊಂದನ್ನೂ ಆಡಿ ನೋಡಿ ಹೊರಗೆ ಬಿಟ್ಟಿದ್ದರು. ದೊಡ್ಡ ಹೆಸರು ಇದ್ದರೆ ಸಾಕು ಅಂತಲೂ ಅಲ್ಲ. ಸೋನಿಯ ಪ್ಲೇಸ್ಟೇಷನ್ ಕ್ಲಾಸಿಕ್ 2018ರಲ್ಲಿ ಬಂದಾಗ 20 ಆಟಗಳಲ್ಲಿ 9 ಆಟಗಳು ನಿಧಾನದ 50ರ ಆವೃತ್ತಿ, ಜನ ಬೈದರು. ನಾನು ತಂದಂಥ ಸ್ಟಿಕ್‌ಗಳಲ್ಲಿರೋ ನಿಂಟೆಂಡೊ ಆಟಗಳಿಗೆ ಪರವಾನಗಿಯೇ ಇರಲ್ಲ. ಆಟ ಮಾಡಿದವರು ಯಾರೂ ಇದನ್ನ ಒಂದು ಸಲ ಕೂಡ ಆಡಿ ನೋಡಿಲ್ಲ. ನನಗೆ ಎಲ್ಲಕ್ಕಿಂತ ನೋವಾಗೋದು ಇದಕ್ಕೆ. ಆ ಎರಡು ಇಟ್ಟಿಗೆ ಹಳ್ಳವನ್ನ ಅಳತೆ ಮಾಡಿ ಅಲ್ಲಿಟ್ಟಿದ್ದರು.

[ದೃಶ್ಯ: ಟಿವಿ ಮೆನು. ಗೇಮ್ ಮೋಡ್ ಆನ್.]

ಈಗಾಗಲೇ ಕೊಂಡುಬಿಟ್ಟಿದ್ದರೆ ಮೊದಲು ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ, ಆಗ ಟಿವಿ ಚಿತ್ರವನ್ನ ನುಣುಪು ಮಾಡೋ ಕೆಲಸ ಕಡಿಮೆ ಮಾಡುತ್ತೆ. ನಮ್ಮ ಟಿವಿಯಲ್ಲಿ 30 ಫ್ರೇಮ್ ಇದ್ದದ್ದು 20ಕ್ಕೆ ಇಳೀತು, ಸುಮಾರು 83 ಮಿಲಿಸೆಕೆಂಡ್, ಅಷ್ಟರಲ್ಲಿ ಮಾರಿಯೋ ಓಡೋದು ಒಂದು ಇಟ್ಟಿಗೆಗಿಂತ ಕಡಿಮೆ. ಅಲ್ಲೇ ಚಿತ್ರದ ಅಳತೆಯನ್ನ 4:3 ಮಾಡಿ, ಮಾರಿಯೋ ಮತ್ತೆ ಸಣ್ಣ ಆಗ್ತಾನೆ. ಆಮೇಲೆ ಮೆಮೊರಿ ಕಾರ್ಡ್‌ನಲ್ಲಿರೋದನ್ನ ಕಂಪ್ಯೂಟರ್‌ಗೆ ನಕಲು ಮಾಡಿಟ್ಟುಕೊಳ್ಳಿ, ಜೊತೆಗೆ ಬರೋ ಕಾರ್ಡ್ ಯಾವಾಗ ಕೈ ಕೊಡುತ್ತೋ ಗೊತ್ತಾಗಲ್ಲ. ಇನ್ನೂ ಕೊಂಡಿಲ್ಲ ಅಂದ್ರೆ, ಅಂಗಡಿಯಲ್ಲೇ ಟಿವಿಗೆ ಹಾಕಿಸಿ ಮೊದಲನೇ ಹಳ್ಳ ಹಾರಿ ನೋಡಿ. ಹಾಕಿ ತೋರಿಸಲ್ಲ ಅಂದ್ರೆ ಬಿಟ್ಟು ಬನ್ನಿ.

ನಿಮ್ಮ ಮನೆಯಲ್ಲಿ ಎಷ್ಟು ಫ್ರೇಮ್ ಬಂತು, ಎಣಿಸಿ ಕಾಮೆಂಟ್‌ನಲ್ಲಿ ಹಾಕಿ. ಟಿವಿ ಮಾಡೆಲ್ ಮತ್ತು ಗೇಮ್ ಮೋಡ್ ಆನ್ ಇತ್ತಾ ಅನ್ನೋದನ್ನೂ ಬರೀರಿ. ನೂರು ಜನದ ಲೆಕ್ಕ ಸೇರಿದರೆ ಯಾವ ಟಿವಿಯಲ್ಲಿ ಆಡಬಹುದು ಅನ್ನೋ ಪಟ್ಟಿ ಮಾಡಿ ಮುಂದಿನ ವಿಡಿಯೋದಲ್ಲಿ ಹಾಕ್ತೀನಿ.