ಸ್ಟೇನ್‌ಲೆಸ್ ಸ್ಟೀಲಿಗೆ ಟ್ಯಾಪ್ ಹಾಕಲು ಕೊಬ್ಬರಿ ಎಣ್ಣೆ ಸಾಕಾ?

[ಕ್ಲೋಸಪ್: ಸ್ಟೀಲ್ ಪಟ್ಟಿ, ನಾಲ್ಕನೇ ತೂತಿನಲ್ಲಿ ಮುರಿದು ನಿಂತ ಟ್ಯಾಪ್]

ನಮಸ್ಕಾರ. ಆ ತೂತಿನಲ್ಲಿ ಕಪ್ಪಗೆ ಕಾಣುತ್ತಿದೆಯಲ್ಲ, ಅದು ನನ್ನ ಎಂ6 ಟ್ಯಾಪ್, ಅಂದರೆ 6 ಎಂಎಂ ಬೋಲ್ಟ್ ಕೂರಲು ತೂತಿನೊಳಗೆ ಥ್ರೆಡ್ ಕೊಯ್ಯುವ ಟೂಲ್. ಟಕ್ ಅಂತ ಒಂದೇ ಸದ್ದು. ಹ್ಯಾಂಡಲ್ ಕೈಗೆ ಬಂತು, ಟ್ಯಾಪ್ ಒಳಗೇ ಉಳಿಯಿತು.

ಡಿಸೆಂಬರ್ ತಿಂಗಳು. ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲಿನ ಕಾಲ. ತೋಟದ ಪಲ್ಪರಿಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನಿಗೆ, ಒಂದು ಸ್ಟೀಲ್ ಪಟ್ಟಿ ಕೂರಿಸಬೇಕಿತ್ತು. ನಾಲ್ಕು ತೂತು, ನಾಲ್ಕು ಥ್ರೆಡ್, ಅಷ್ಟೇ ಕೆಲಸ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಪಟ್ಟಿ ಹಿಡಿದುಕೊಂಡು ಲೇತ್ ಅಂಗಡಿಗೆ ಓಡಿದೆ.

ಅಂಗಡಿಯ ಅಣ್ಣ ಕೇಳಿದ ಮೊದಲ ಪ್ರಶ್ನೆ, "ಎಣ್ಣೆ ಏನ್ ಹಾಕಿದ್ದೆ?"

"ಇಂಜಿನ್ ಆಯಿಲ್ ಅಣ್ಣಾ."

"ಅದು ಬೈಕಿಗೆ ಹಾಕೋದಪ್ಪಾ."

ಆಮೇಲೆ ಕಿಟಕಿಯ ಮೇಲಿದ್ದ ಕೊಬ್ಬರಿ ಎಣ್ಣೆ ಡಬ್ಬಿ ತೆಗೆದರು. ಚಳಿಗೆ ಎಣ್ಣೆ ಗಟ್ಟಿಯಾಗಿತ್ತು. ತುಪ್ಪ ತೆಗೆಯುವ ಹಾಗೆ ಬೆರಳಲ್ಲಿ ಕೆರೆದು, ಹೊಸ ತೂತಿಗೆ ತುರುಕಿ, ಟ್ಯಾಪ್ ತಿರುಗಿಸಿದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕೀಚ್ ಅಂತಲೂ ಸದ್ದಿಲ್ಲ.

ತಲೆಗೆ ಹಚ್ಚುವ ಎಣ್ಣೆ ಇಂಜಿನ್ ಆಯಿಲನ್ನು ಸೋಲಿಸಿದ್ದು ಹೇಗೆ? ಈ ವಿಡಿಯೋ ಅದರ ಬಗ್ಗೆಯೇ.

[ಟೈಟಲ್]

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಲೋಹ ಕೊಯ್ಯುವಾಗ ಎರಡು ತೊಂದರೆ: ಬಿಸಿ ಮತ್ತು ಉಜ್ಜಾಟ. ಬಿಸಿಗೆ ನೀರೇ ಮದ್ದು. ಅಮೆರಿಕದ ಇಂಜಿನಿಯರ್ ಎಫ್. ಡಬ್ಲ್ಯೂ. ಟೇಲರ್ 1880ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದ. ಕೊಯ್ಯುವ ಜಾಗಕ್ಕೆ ಧಾರಾಳವಾಗಿ ನೀರು ಹರಿಸಿದರೆ ಶೇ. 30ರಿಂದ 40ರಷ್ಟು ಜಾಸ್ತಿ ವೇಗದಲ್ಲಿ ಕೊಯ್ಯಬಹುದು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಿಷನ್ನಿನಲ್ಲಿ ಹಾಲಿನ ಹಾಗೆ ಬೆಳ್ಳಗೆ ಹರಿಯುವ ಕೂಲಂಟ್ ಅದೇ ವಂಶದ್ದು, ನೀರಿಗೆ ಒಂಚೂರು ಎಣ್ಣೆ. ಆದರೆ ಕೈಯಲ್ಲಿ ಟ್ಯಾಪ್ ತಿರುಗಿಸುವಾಗ ವೇಗ ಎಲ್ಲಿಂದ ಬಂತು? ಅಲ್ಲಿ ಕಾಟ ಕೊಡುವುದು ಬಿಸಿಗಿಂತ ಅಂಟು.

ಹೌದು, ಅಂಟು. ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಒಂದೇ ಪದ ಸಾಕು: ಹಲಸು.

[ಇನ್ಸರ್ಟ್: ಹಲಸಿನ ಹಣ್ಣು, ಕತ್ತಿ, ಬಟ್ಟಲಲ್ಲಿ ಎಣ್ಣೆ]

ಹಲಸಿನ ಹಣ್ಣು ಕೊಯ್ಯುವ ಮುಂಚೆ ಅಜ್ಜಿ ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ಕತ್ತಿ ತಣ್ಣಗಿರಲಿ ಅಂತಲಾ? ಅಲ್ಲ. ಚೂಪಾಗಲಿ ಅಂತಲಾ? ಅದೂ ಅಲ್ಲ. ಮೇಣ ಹಿಡಿಯದಿರಲಿ ಅಂತ. ಎಣ್ಣೆ ಇಲ್ಲದೆ ಇಳಿಸಿ ನೋಡಿ, ಕತ್ತಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಎಳೆದರೆ ಮೇಣ, ಒರೆಸಿದರೆ ಮೇಣ, ಒರೆಸಿದ ಬಟ್ಟೆಯೂ ಮೇಣ. ನಾನೊಮ್ಮೆ ಆತುರಕ್ಕೆ ಎಣ್ಣೆ ಬಿಟ್ಟು ಕೈ ಹಾಕಿ, ಆಮೇಲೆ ಅದೇ ಕೈಯಲ್ಲಿ ಮೊಬೈಲ್ ಎತ್ತಿದ್ದೆ. ಆ ಮೊಬೈಲ್ ಕವರ್ ಈಗ ಇಲ್ಲ. ಇನ್ನೊಂದು ಗಮನಿಸಿ, ಅಜ್ಜಿ ಒಮ್ಮೆ ಹಚ್ಚಿ ಸುಮ್ನೆ ಆಗುತ್ತಿರಲಿಲ್ಲ. ಕೊಯ್ದಷ್ಟೂ ಹೊಸ ಮೇಣ ಒಸರುತ್ತದೆ, ಅದಕ್ಕೇ ಮಧ್ಯೆ ಮಧ್ಯೆ ಮತ್ತೆ ಬಟ್ಟಲಿಗೆ ಬೆರಳು ಅದ್ದುತ್ತಿದ್ದರು.

ಲೋಹದಲ್ಲೂ ಇದೇ ಕಥೆ. ಗಾಳಿಯಲ್ಲಿರುವ ಸ್ಟೀಲಿನ ಮೇಲೆ ತೆಳ್ಳನೆಯ ಆಕ್ಸೈಡ್ ಸಿಪ್ಪೆ ಇರುತ್ತದೆ. ಕೊಯ್ದಾಗ ಹೊರಬರುವ ಹೊಸ ಮೈಗೆ ಆ ಸಿಪ್ಪೆ ಇಲ್ಲ. ಅಷ್ಟು ಒತ್ತಡದಲ್ಲಿ ಅದು ಟ್ಯಾಪಿನ ಹಲ್ಲಿಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ಇಂಜಿನ್ ಒಳಗೆ ಉಜ್ಜುವುದು ಹಳೇ ಮೈಗಳು, ಮಧ್ಯೆ ಎಣ್ಣೆ ಪದರ ನಿಲ್ಲುತ್ತದೆ. ಇಲ್ಲಿ ಪ್ರತಿ ಕ್ಷಣ ಹೊಸ ಮೈ. ಕೊಬ್ಬರಿ ಎಣ್ಣೆಯಲ್ಲಿರುವುದು ಕೊಬ್ಬು. ಅದರ ಅಣುವಿನ ಒಂದು ತುದಿಗೆ ಲೋಹ ಕಂಡರೆ ಆಸೆ, ಕಚ್ಚಿ ಹಿಡಿಯುತ್ತದೆ. ಉಳಿದ ಬಾಲ ಬ್ರಷ್ಷಿನ ಕೂದಲಿನ ಹಾಗೆ ಹೊರಗೆ ನಿಲ್ಲುತ್ತದೆ. ಬರೀ ಪೆಟ್ರೋಲಿಯಂ ಎಣ್ಣೆಗೆ ಆ ಹಿಡಿತ ಇಲ್ಲ. ಪಾಶ್ಚಾತ್ಯ ದೇಶಗಳ ವರ್ಕ್‌ಶಾಪುಗಳಲ್ಲಿ ಹಿಂದೆ ಹಂದಿ ಕೊಬ್ಬಿನ ಎಣ್ಣೆ ಬಳಸುತ್ತಿದ್ದದ್ದೂ ಇದಕ್ಕೇ.

[ಕ್ಲೋಸಪ್: ಮ್ಯಾಗ್ನೆಟ್]

ಸ್ಟೇನ್‌ಲೆಸ್ಸಿನ ಇನ್ನೊಂದು ಕಿತಾಪತಿ ನೋಡಿ. ಇದು 304 ಅನ್ನುವ ಜಾತಿಯ ಸ್ಟೇನ್‌ಲೆಸ್ ಪಟ್ಟಿ. ಮ್ಯಾಗ್ನೆಟ್ ಹಿಡಿಯುವುದಿಲ್ಲ. ಈಗ ಅದೇ ಪಟ್ಟಿ ಡ್ರಿಲ್ ಮಾಡಿದಾಗ ಬಂದ ಚಿಪ್, ಅಂದರೆ ಕೊಯ್ದ ಲೋಹದ ಚೂರು, ತರುತ್ತೇನೆ... ನೋಡಿ, ಅಂಟಿತು! ಕಬ್ಬಿಣದಷ್ಟು ಗಟ್ಟಿಯಾಗಿ ಅಲ್ಲ, ಆದರೆ ಅಂಟಿತು. ತಿರುಚಿ ಎಳೆದಾಗ ಅದರ ಒಳಗಿನ ಜೋಡಣೆಯೇ ಬದಲಾಯಿತು, ಜೊತೆಗೆ ಗಡಸೂ ಆಯಿತು. ಅಂದರೆ 304 ಮೊದಲಿಗೆ ಮೆತ್ತಗೇ ಇರುತ್ತದೆ, ಉಜ್ಜಿ ಉಜ್ಜಿ ಗಡಸು ಮಾಡುವವರು ನಾವೇ. ಮೊಂಡ ಟ್ಯಾಪ್ ಹಿಡಿದು ಕೊಯ್ಯದೆ ಸುಮ್ನೆ ಸವರಿದರೆ ಮುಂದಿನ ಸುತ್ತಿಗೆ ಗೋಡೆ ಕಟ್ಟಿಕೊಟ್ಟ ಹಾಗೆ.

ಹಾಗಾದರೆ ಕೊಬ್ಬರಿ ಎಣ್ಣೆ ಸಾಕಾ? ಕೈಯಲ್ಲಿ ನಾಲ್ಕು ತೂತಿಗೆ ಸಾಕು, ಅದರಲ್ಲೂ ಚಿಕ್ಕಮಗಳೂರಿನ ಚಳಿಯಲ್ಲಿ ಗಟ್ಟಿಯಾಗಿದ್ದರೆ ತೂತಲ್ಲೇ ನಿಲ್ಲುತ್ತದೆ, ಸೋರಿ ಹೋಗುವುದಿಲ್ಲ. ಮಿಷನ್ನಿನಲ್ಲಿ ದಿನವಿಡೀ ಹಾಕುವುದಾದರೆ ಸಾಲದು. ಬಿಸಿ ಏರಿದರೆ ಕೊಬ್ಬಿನ ಹಿಡಿತ ಬಿಡುತ್ತದೆ. ಅಲ್ಲಿಗೆ ಬರುವುದು ಕ್ಲೋರಿನ್, ಗಂಧಕ ಸೇರಿಸಿದ ಟ್ಯಾಪಿಂಗ್ ಆಯಿಲ್. ಗಂಧಕ ಬಿಸಿಯಾದ ಹೊಸ ಮೈಯ ಜೊತೆ ಅಲ್ಲೇ ಸೇರಿ ತೆಳ್ಳನೆಯ ಸಲ್ಫೈಡ್ ಪದರ ಕಟ್ಟುತ್ತದೆ. ಎಲ್ಲಿ ಜಾಸ್ತಿ ಬಿಸಿಯೋ ಅಲ್ಲೇ ಜಾಸ್ತಿ ಕೆಲಸ. ಈ ಬುದ್ಧಿ ಎಷ್ಟು ಜನ ಮನುಷ್ಯರಿಗಿದೆ ಹೇಳಿ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. 2018ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಶೇಖರ್ ತಂಡ ಮೆತ್ತನೆಯ, ಅಂಟುವ ಲೋಹಗಳ ಮೇಲೆ ಮಾರ್ಕರ್ ಪೆನ್ನಿನ ಇಂಕ್ ಬಳಿದು ಕೊಯ್ದು ನೋಡಿತು. ಟೂಲಿಗಲ್ಲ, ಕೊಯ್ದು ಬಿಸಾಡುವ ಮೇಲ್ಮೈಗೆ! ಬೇಕಾಗುವ ಬಲ ಸುಮಾರು ಅರ್ಧಕ್ಕೆ ಇಳಿಯಿತು. ಇಂಕ್ ಇಲ್ಲದಿದ್ದರೆ ಲೋಹ ಸೀರೆ ನೆರಿಗೆಯ ಹಾಗೆ ಮಡಚಿಕೊಂಡು ದಪ್ಪ ಚಿಪ್ ಆಗುತ್ತದೆ. ಇಂಕ್ ಬಳಿದ ಮೈ ನೆರಿಗೆ ಹಿಡಿಯುವ ಮುಂಚೆಯೇ ಬಿರುಕು ಬಿಡುತ್ತದೆ. ನಾನೂ ತೂತಿನ ಸುತ್ತ ಮಾರ್ಕರ್ ಬಳಿದು ಟ್ಯಾಪ್ ಹಾಕಿದೆ. ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಬೆರಳು ಮಾತ್ರ ನೀಲಿ. ಟ್ಯಾಪಿನ ಒಂದೊಂದು ಹಲ್ಲೂ ಒಳಗೆ ಹೊಸ ಮೈಯನ್ನೇ ಕೊಯ್ಯುವಾಗ ಮೇಲಿನ ಇಂಕ್ ಏನು ತಾನೇ ಮಾಡೀತು?

[ಎಡಿಟರ್ ಕೈ ತೋರಿಸುತ್ತಾನೆ: ಎರಡು ನಿಮಿಷ]

ಸರಿ ಸರಿ, ಉಳಿದದ್ದು ಒಂದೇ ಉಸಿರಿಗೆ. ಎರಕದ ಕಬ್ಬಿಣಕ್ಕೆ ಸಾಮಾನ್ಯವಾಗಿ ಎಣ್ಣೆ ಬೇಡ, ಅದರೊಳಗೇ ಜಾರಿಸುವ ಗ್ರಾಫೈಟ್ ಇದೆ. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ ಸಾಕು. ಗಂಧಕದ ಎಣ್ಣೆಯನ್ನು ಪಲ್ಪರ್ ಡ್ರಮ್ಮಿನ ತಾಮ್ರದ ತಗಡಿಗೆ ತಾಗಿಸಬೇಡಿ, ಕಪ್ಪಾಗುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಹಿಂದೆ ಬಳಸುತ್ತಿದ್ದರು, ಒಳ್ಳೆ ಕೆಲಸವನ್ನೂ ಮಾಡುತ್ತಿತ್ತು, ಲಿವರನ್ನೂ ತಿನ್ನುತ್ತಿತ್ತು. ಯಾರಾದರೂ ಹಳೇ ಡಬ್ಬಿ ಕೊಟ್ಟರೆ ಬೇಡ ಅನ್ನಿ. ಕ್ಲೋರಿನ್ ಎಣ್ಣೆಗಳಲ್ಲಿ ಒಂದು ಗುಂಪು, ಶಾರ್ಟ್ ಚೈನ್ ಕ್ಲೋರಿನೇಟೆಡ್ ಪ್ಯಾರಾಫಿನ್, 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಬೇಗ ಕರಗಿ ಹೋಗದ ವಿಷಗಳ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದದ, ನಿಷೇಧ ಪಟ್ಟಿಗೆ ಸೇರಿದೆ. ಯಾವ ಎಣ್ಣೆಯಾದರೂ ಕೆಲಸ ಮುಗಿದ ಮೇಲೆ ಕೈ ಸೋಪ್ ಹಾಕಿ ತೊಳೆಯಿರಿ.

ಇನ್ನೊಂದು, ಇದು ಅಣ್ಣ ಕೊನೆಯಲ್ಲಿ ಹೇಳಿದ್ದು. ಎಂ6ಗೆ ಡ್ರಿಲ್ ಸೈಜಿನ ಚಾರ್ಟಿನಲ್ಲಿ ಬರೆದಿರುವುದು 5 ಎಂಎಂ ಡ್ರಿಲ್. ಸ್ಟೇನ್‌ಲೆಸ್ಸಿಗೆ 5.2 ಹಾಕಿ. ಥ್ರೆಡ್ಡಿನ ಎತ್ತರ ಸ್ವಲ್ಪ ಕಡಿಮೆ ಆಗುತ್ತದೆ, ಬೋಲ್ಟ್ ಹಿಡಿತಕ್ಕೇನೂ ತೊಂದರೆ ಇಲ್ಲ, ಟ್ಯಾಪಿನ ಮೇಲೆ ಬೀಳುವ ಭಾರ ಮಾತ್ರ ಇಳಿಯುತ್ತದೆ. ನಾನು ಹಾಕಿದ್ದು? 4.8. ಅದೊಂದೇ ಬಿಟ್ ಮನೆಯಲ್ಲಿ ಇತ್ತು.

ಎಣ್ಣೆಯ ತಪ್ಪು ಅರ್ಧ ಅಷ್ಟೇ ಅಂತ ಈಗ ಗೊತ್ತಾಯಿತಲ್ವಾ. ಇದನ್ನು ಮೊದಲೇ ಹೇಳಿದ್ದರೆ ನೀವು ಇಲ್ಲಿವರೆಗೆ ನೋಡುತ್ತಿರಲಿಲ್ಲ.

[ಕ್ಲೋಸಪ್: ಪಲ್ಪರ್ ಮೇಲೆ ಕೂತ ಪಟ್ಟಿ. ಮೂರು ಬೋಲ್ಟ್ ಹಳೇ ಜಾಗದಲ್ಲಿ, ನಾಲ್ಕನೆಯದು ಒಂದು ಇಂಚು ಪಕ್ಕದಲ್ಲಿ. ಮುರಿದ ಟ್ಯಾಪ್ ಇನ್ನೂ ಅಲ್ಲೇ.]