ಹುಲಿ ಏಳುವ ಹೊತ್ತಿಗೆ ನಾವೂ ಏಳೋಣ

ಕೇಳುಗರೆಲ್ಲರಿಗೂ ನಮಸ್ಕಾರ.

ರಜೆ ಬಂತು ಅಂದರೆ ಮೈಸೂರಿನಲ್ಲಿ ಮನೆ ಇರುವವರಿಗೆ ಒಂದು ಕೆಲಸ ಕಾದಿರುತ್ತದೆ. ನೆಂಟರ ಮಕ್ಕಳನ್ನು ಜೂಗೆ ಕರೆದುಕೊಂಡು ಹೋಗಬೇಕು. ನಾನು ಮೊದಲು ತಂಗಿಯರ ಕೈ ಹಿಡಿದು ಹೋದೆ, ಆಮೇಲೆ ನನ್ನ ಮಕ್ಕಳ ಜೊತೆ, ಈಗ ಮೊಮ್ಮಕ್ಕಳ ಜೊತೆ. ಇವತ್ತಿಗೂ ಜೂ ಅಂದರೆ ನನಗೆ ಆಸೆಯೇ. ಅಲ್ಲಿ ಒಂದು ದಿನ ಚೆನ್ನಾಗಿ ಕಳೆಯೋದು ಹೇಗೆ ಅಂತ ನಾನು ಕಲಿತದ್ದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಮೊದಲು ಮುಖ್ಯವಾದ ವಿಷಯ. ಮಂಗಳವಾರ ಜೂಗೆ ರಜೆ. ಪಕ್ಕದ ಕಾರಂಜಿ ಕೆರೆಗೂ ಅವತ್ತೇ ರಜೆ. ಹಬ್ಬದ ಸಾಲಿನಲ್ಲಿ ಕೆಲವೊಮ್ಮೆ ಮಂಗಳವಾರವೂ ತೆಗೆದಿರುತ್ತಾರೆ, ಆದರೆ ವಿಚಾರಿಸಿಕೊಂಡೇ ಹೊರಡಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು, ಮುಚ್ಚಿದ ಗೇಟಿನ ಮುಂದೆ ನಿಂತ ಮಕ್ಕಳ ಮುಖ ನೋಡಿದ್ದೇನೆ. ಹೊಟ್ಟೆ ಚುರ್ ಅನ್ನುತ್ತದೆ.

ಇನ್ನು ಹೊತ್ತಿನ ಮಾತು. ಒಂದು ವರ್ಷ ಮೇ ತಿಂಗಳಲ್ಲಿ, ತಿಂಡಿ ತಿಂದು, ಎಲ್ಲರೂ ತಯಾರಾಗಿ, ನಾವು ಜೂ ಒಳಗೆ ಕಾಲಿಟ್ಟಾಗ ಹನ್ನೊಂದೂವರೆ. ತಲೆ ಸುಡುವ ಬಿಸಿಲು. ಹುಲಿ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಮಲಗಿತ್ತು. ಸಿಂಹದ ಬಾಲ ಮಾತ್ರ ಕಂಡಿತು. ನಮ್ಮ ದೊಡ್ಡ ಮೊಮ್ಮಗ ಕೇಳಿದ, "ಅಜ್ಜಿ, ಎಲ್ಲಕ್ಕೂ ಹುಷಾರಿಲ್ವಾ?" ಪಾಪ, ಅವನ ಪ್ರಶ್ನೆ ಸರಿಯಾಗೇ ಇತ್ತು. ನಮ್ಮಂಥ ಬಿಸಿ ನಾಡಿನಲ್ಲಿ ನಡುಮಧ್ಯಾಹ್ನ ಯಾವ ಪ್ರಾಣಿಯೂ ಸುಮ್ನೆ ಓಡಾಡುವುದಿಲ್ಲ. ಕಾಡಿನಲ್ಲೂ ಅಷ್ಟೇ, ನೆರಳು ಹುಡುಕಿ ಮಲಗುತ್ತವೆ. ತಪ್ಪು ನಮ್ಮದು, ಅವು ಮಲಗುವ ಹೊತ್ತಿಗೆ ಹೋಗಿದ್ದೆವು.

ಗೇಟು ತೆಗೆಯುವುದು ಬೆಳಿಗ್ಗೆ 8.30ಕ್ಕೆ. ಆಗಲೇ ಅಲ್ಲಿರಿ. ಗಾಳಿ ತಂಪಾಗಿರುತ್ತದೆ, ಜನ ಕಡಿಮೆ. ಹುಲಿ ಬೇಲಿಯ ಉದ್ದಕ್ಕೂ ನಡೆಯುತ್ತಾ, ಅಲ್ಲಲ್ಲಿ ಮೂಸುತ್ತಾ, ಆಗಾಗ ತಲೆಯೆತ್ತಿ ನೋಡುವುದು ಕಾಣಬೇಕು ಅಂದರೆ ಅದೇ ಹೊತ್ತು. ದಸರಾ ಮತ್ತು ಬೇಸಿಗೆ ರಜೆಯಲ್ಲಿ ಜನಜಾತ್ರೆ ಇರುತ್ತದೆ. ಆಗಲೇ ಹೋಗಬೇಕಾಗಿ ಬಂದರೆ ಭಾನುವಾರ ಬಿಟ್ಟು ಬೇರೆ ದಿನ ನೋಡಿ. ನನ್ನನ್ನು ಕೇಳಿದರೆ ಸಣ್ಣಗೆ ಮಳೆ ಹನಿಯುವ ಜುಲೈ ತಿಂಗಳೂ ತುಂಬಾ ಚೆನ್ನ. ಒಂದು ಕೊಡೆ ಇದ್ದರಾಯಿತು.

ಜೂ ಒಳಗಿನ ಮರಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹತ್ತನೆಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಶುರು ಮಾಡಿಸಿದ ಜೂ ಇದು. ಆಗ ಸಣ್ಣದು. ಈಗ 150 ಎಕರೆಗೂ ಜಾಸ್ತಿ ಇದೆ. ಬೆಂಗಳೂರಿನ ಲಾಲ್‌ಬಾಗಿಗಾಗಿ ದುಡಿದ ಜರ್ಮನಿಯ ಕೃಂಬಿಗಲ್ ಅವರು ಇಲ್ಲಿನ ತೋಟವನ್ನೂ ರೂಪಿಸಿದವರು. ಅಂದಿನವರು ನೆಟ್ಟು ಬೆಳೆಸಿದ್ದರಿಂದಲೇ ಇಷ್ಟು ನೆರಳು ನಮಗೆ ಸಿಕ್ಕಿದೆ.

ಅಷ್ಟು ದೊಡ್ಡ ಜಾಗ ಅಂದಮೇಲೆ ನಡಿಗೆ ಜಾಸ್ತಿ. ಹೊಸ ಚಪ್ಪಲಿ ಬೇಡ, ಹಳೆಯ ಶೂ ಸಾಕು. ನೀರಿಗೆ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರು, ಚಿಪ್ಸ್ ಪೊಟ್ಟಣ ಮನೆಯಲ್ಲೇ ಇರಲಿ. ಹೊಟ್ಟೆ ತುಂಬಾ ಇಡ್ಲಿ ತಿಂದು ಒಳಗೆ ಹೋಗಿ, ಹೊರಗೆ ಬಂದು ಊಟ ಮಾಡಿ. ಮಂಡಿನೋವಿನ ಹಿರಿಯರಿಗೆ ಬ್ಯಾಟರಿ ಗಾಡಿ ಇದೆ. "ನಾವು ಮನೇಲೇ ಇರ್ತೀವಿ, ನೀವು ಹೋಗಿ ಬನ್ನಿ" ಅಂತ ಅವರು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಜಿರಾಫೆ ನೋಡುವ ಆಸೆ ಅವರಿಗೂ ಇರುತ್ತದೆ, ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ಉಪಾಯ ಹೇಳುತ್ತೇನೆ. ಹೊರಡುವ ಹಿಂದಿನ ರಾತ್ರಿ ಪ್ರತಿಯೊಬ್ಬರಿಗೂ ಒಂದೊಂದು ಪ್ರಾಣಿ ಆರಿಸಿಕೊಳ್ಳಲು ಹೇಳಿ. ಅಪ್ಪ, ಅಮ್ಮ, ತಾತ ಎಲ್ಲರೂ ಆರಿಸಬೇಕು. ಆ ಪ್ರಾಣಿಯ ಮುಂದೆ ಎಲ್ಲರೂ ಸೇರಿ ಹದಿನೈದು ನಿಮಿಷ ನಿಲ್ಲಬೇಕು. ಉಳಿದವನ್ನು ನೋಡಿದರೂ ಸರಿ, ಬಿಟ್ಟರೂ ಸರಿ. ಎಲ್ಲವನ್ನೂ ನೋಡಿ ಮುಗಿಸಬೇಕು ಅಂತ ಓಡುವವರು ಬೋರ್ಡು ಓದಿಕೊಂಡು ಬರುತ್ತಾರೆ ಅಷ್ಟೇ.

ಕಳೆದ ಸಲ ಚಿಕ್ಕವಳು ಜಿರಾಫೆ ಅಂದಳು. ನಿಂತೆವು. ಮೊದಲ ಐದು ನಿಮಿಷ ಅದರ ಎತ್ತರವೇ ಮಾತಾಯಿತು. ಆಮೇಲೆ ಅದು ಮೇಲೆ ಕಟ್ಟಿದ್ದ ಸೊಪ್ಪಿಗೆ ಬಾಯಿ ಹಾಕಿತು. ಹೊರಗೆ ಬಂದ ನಾಲಿಗೆ ನೇರಳೆಹಣ್ಣು ತಿಂದ ಮಕ್ಕಳ ನಾಲಿಗೆಯಂತೆ ಕಪ್ಪಗೆ! ಸುಮಾರು ಒಂದೂವರೆ ಅಡಿ ಉದ್ದ. ಅದನ್ನು ಕೊಂಬೆಗೆ ಸುತ್ತಿ, ಎಲೆಯನ್ನು ಸರ್ರನೆ ಎಳೆದುಕೊಂಡಿತು. ನುಂಗಿದ್ದು ಆಮೇಲೆ ಮೆಲುಕಿಗೆ ಮೇಲೆ ಬರುವಾಗ, ಆ ಉದ್ದ ಕತ್ತಿನಲ್ಲಿ ಉಂಡೆಯೊಂದು ಕೆಳಗಿನಿಂದ ಮೇಲಕ್ಕೆ ಹತ್ತುವುದು ಕಂಡಿತು. "ಅಜ್ಜಿ, ಲಿಫ್ಟು!" ಅಂದಳು. ಅಷ್ಟುದ್ದದ ಕತ್ತಿನಲ್ಲೂ ನಮ್ಮ ಕತ್ತಿನಲ್ಲಿರುವಷ್ಟೇ, ಏಳೇ ಮೂಳೆ ಅಂತ ಹೇಳಿದೆ. ತನ್ನ ಕತ್ತನ್ನು ಮುಟ್ಟಿ ಮುಟ್ಟಿ ಎಣಿಸಲು ನೋಡಿದಳು. ಎರಡೇ ನಿಮಿಷ ನಿಂತಿದ್ದರೆ ಇದೊಂದೂ ಇರುತ್ತಿರಲಿಲ್ಲ.

ಅವರ ತಾತ ಆರಿಸಿದ್ದು ಗೊರಿಲ್ಲಾ. ಅದಕ್ಕೆ ಕಾರಣ ಪೋಲೋ. ಎಷ್ಟೋ ವರ್ಷ ಒಂಟಿಯಾಗಿ ಇದ್ದ ಗೊರಿಲ್ಲಾ ಅದು, 2014ರಲ್ಲಿ ತೀರಿಕೊಂಡಿತು. ಮೈಸೂರಿನವರು ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಅನ್ನುವ ಎರಡು ಗಂಡು ಗೊರಿಲ್ಲಾಗಳು ಬಂದವು. ಈಗ ಒಂದಕ್ಕೊಂದು ಜೊತೆ ಇದೆ ಅನ್ನುವುದೇ ನಮ್ಮ ಮನೆಯವರಿಗೆ ಸಮಾಧಾನ.

ನಾನು ಆರಿಸುವುದು ಯಾವಾಗಲೂ ನಮ್ಮ ಸಿಂಗಳೀಕ. ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಕಾಡಿನಲ್ಲಿ ಇದನ್ನು ನೋಡಬೇಕು ಅಂದರೆ ಪಶ್ಚಿಮ ಘಟ್ಟಕ್ಕೇ ಬರಬೇಕು, ಲೋಕದಲ್ಲಿ ಬೇರೆಲ್ಲೂ ಇಲ್ಲ. ಆಫ್ರಿಕಾದ ಪ್ರಾಣಿಗೆ ಬೆರಗಾಗುವ ಮಕ್ಕಳಿಗೆ ನಮ್ಮ ಶರಾವತಿ ಕೊಳ್ಳದ ಈ ಕೋತಿಯನ್ನೂ ತೋರಿಸಿ.

ಒಂದು ಬೇಡಿಕೆ ಇದೆ. ಏನನ್ನೂ ಎಸೆಯಬೇಡಿ, ಕಡಲೆಕಾಯಿ ಕೂಡ ಬೇಡ. ಯಾರಿಗೆ ಏನು, ಎಷ್ಟು ಅಂತ ಅಳೆದು ಕೊಡುವವರು ಅಲ್ಲಿದ್ದಾರೆ. ಶಿಳ್ಳೆ, ಕೂಗು ಬೇಡ. ಮಕ್ಕಳು ಕೂಗುವುದು ದೊಡ್ಡವರನ್ನು ನೋಡಿಯೇ. ಅವುಗಳಿಗೆ ಊಟ ಹಾಕಲೇಬೇಕು ಅನ್ನಿಸಿದರೆ ದತ್ತು ಯೋಜನೆ ಇದೆ. ಹುಟ್ಟುಹಬ್ಬಕ್ಕೆ ಮಗುವಿನ ಹೆಸರಲ್ಲಿ ಒಂದು ಸಣ್ಣ ಹಕ್ಕಿಯನ್ನಾದರೂ ದತ್ತು ತೆಗೆದುಕೊಳ್ಳಬಹುದು, ದುಡ್ಡು ಅದರ ಊಟಕ್ಕೆ ಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ಗೇಟು ಮುಚ್ಚಿ ಟಿಕೆಟ್ ಹಣ ನಿಂತಾಗ ಜನ ಹೀಗೆಯೇ ಕೈ ಹಿಡಿದರು.

ಹನ್ನೆರಡಕ್ಕೆ ಹೊರಗೆ ಬನ್ನಿ. ಊಟ ಮಾಡಿ, ಮಕ್ಕಳನ್ನು ಸ್ವಲ್ಪ ಮಲಗಿಸಿ. ನಾಲ್ಕಕ್ಕೆ ಕಾರಂಜಿ ಕೆರೆಗೆ ಹೋಗಿ. ಎದುರಿಗೆ ಚಾಮುಂಡಿ ಬೆಟ್ಟ, ನೀರಿನ ನಡುವಿನ ನಡುಗಡ್ಡೆಯ ಮರಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಇಲ್ಲಿ ಬೇಲಿ ಇಲ್ಲ, ಹಕ್ಕಿಗಳು ತಾವಾಗೇ ಬಂದು ಕೂತಿರುತ್ತವೆ. ಕಳೆದ ಸಲ ಚಿಕ್ಕವಳು ಅವನ್ನು ತುಂಬಾ ಹೊತ್ತು ನೋಡಿ, "ಅಜ್ಜಿ, ಇವಕ್ಕೆ ಯಾರು ಊಟ ಹಾಕ್ತಾರೆ?" ಅಂದಳು. ಕೆರೆಯ ಕಡೆ ಕೈ ತೋರಿಸಿದೆ. ಅಷ್ಟರಲ್ಲಿ ಒಂದು ಕೊಕ್ಕರೆ ನೀರಿಗೆ ಕೊಕ್ಕು ಇಳಿಸಿ ಮೀನು ಎತ್ತಿತು. ಅವಳು ಚಪ್ಪಾಳೆ ತಟ್ಟಲು ಕೈ ಎತ್ತಿದವಳು, ಹಕ್ಕಿ ಹೆದರೀತು ಅಂತ ಹಾಗೇ ಕೈ ಇಳಿಸಿದಳು.

ನಮಸ್ಕಾರ.